ಚಿನ್ನಕ್ಕನ ಗೋಡೆಯ ಗೀಟುಗಳು

ತಿಂಗಳಿಗೆ ನೀರೆಷ್ಟು, ದೀಪದೆಣ್ಣೆ ಎಷ್ಟು ಎಂಬುದಕ್ಕೆ ಮೊಳಕಾಲ್ಮೂರಿನ ನೇಕಾರರ ಓಣಿಯ ಚಿನ್ನಕ್ಕನಿಗೆ ಅಡುಗೆಮನೆಯ ಗೋಡೆಯೇ ಸಾಕ್ಷಿ. ಬೆಳಿಗ್ಗೆ ದೀಪದ ಹರಳೆಣ್ಣೆ ಗಡಿಗೆಗೆ ಪೊರಕೆಕಡ್ಡಿ ಅದ್ದಿ ಅಳೆದು ಗೋಡೆಗೆ ಗುರುತು ಹಾಕುತ್ತಾಳೆ. ಕಡ್ಡಿಗಂಟಿದ್ದನ್ನು ತಲೆಗೆ ಸವರಿಕೊಳ್ಳುತ್ತಾಳೆ. ಸಂಜೆ ನೆಂಟರು ಬಂದರೆ, “ಮಾತಾಡಕ್ಕೆ ದೀಪ ಯಾಕ್ರಿ? ಬಾಯಿ ಎಲ್ಲೈತೆ ಅಂತ ಗೊತ್ತಿಲ್ವಾ?” ಎಂದು ಬತ್ತಿ ತಗ್ಗಿಸುತ್ತಾಳೆ. ನೀರು ಹೊರುವ ದಾಸಣ್ಣನ ಕೂಲಿಗೆ ಕೊಡಕ್ಕೊಂದು ಇದ್ದಿಲ ಗೀಟು ಎಳೆಯುತ್ತಾಳೆ. ಕೊಡ ತುಳುಕಿದ್ದು ಕಂಡರೆ, “ಇದು ಅರ್ಧ ಗೀಟೇ ಕಣಪ್ಪ” ಎಂದು ಉಳಿದರ್ಧ ಅಳಿಸುತ್ತಾಳೆ, ಅದಕ್ಕೂ ನೀರು ಖರ್ಚು ಮಾಡದೆ ಎಂಜಲು ಬೆರಳಿನಿಂದ. ಹೋದ ತಿಂಗಳು ದಾಸಣ್ಣ ಜ್ವರ ಬಂದು ಹತ್ತು ದಿನ ಮಲಗಿದ. ಚಿನ್ನಕ್ಕನೇ ಬಾವಿಯಿಂದ ನೀರು ಹೊತ್ತಳು. ತಿಂಗಳ ಕೊನೆಗೆ ಕೂಲಿಗೆ ಬಂದವನು ಗೋಡೆಯ ಗೀಟುಗಳನ್ನು ಎಣಿಸಿದ. ಆ ಹತ್ತು ದಿನದ ಗೀಟುಗಳೂ ಅವನ ಲೆಕ್ಕದಲ್ಲೇ ಇದ್ದವು. ಅವುಗಳಲ್ಲಿ ಒಂದೂ ಅರ್ಧವಿರಲಿಲ್ಲ.