ಕಂಚಿನ ಕೈಗೆ ಕಬ್ಬಿಣದ ತಗಡು

ನಲವತ್ತಾರನೆಯ ವಯಸ್ಸಿನಲ್ಲಿ ಸುತ್ತಿಗೆ ಹಿಡಿಯುವುದನ್ನು ಮತ್ತೆ ಮೊದಲಿನಿಂದ ಕಲಿಯಬೇಕೆಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆದರೆ ನಾಗಮಂಗಲದ ಮುದ್ದಾಚಾರಿಗೆ ಸಿಟ್ಟು ಬರುವ ಕಾಲವೂ ದಾಟಿಹೋಗಿತ್ತು. ಈಗ ಬರೀ ಸುಸ್ತು. ಬೆಳಗ್ಗೆ ಏಳುವಾಗಲೇ ಸುಸ್ತು. ಪಟ್ಟಣದ ಮಗ್ಗುಲಿನ ಗಂಜಾಂನ ಒಂದು ಕಾರಖಾನೆಯ ಚಪ್ಪರದ ಕೆಳಗೆ ಕೂತು, ತನಗಿಂತ ಹತ್ತು ವರ್ಷ ಚಿಕ್ಕವನ ಬಾಯಲ್ಲಿ ‘ಅಂಗಲ್ಲ, ಇಂಗೆ’ ಅನ್ನಿಸಿಕೊಳ್ಳುತ್ತ ಅವನು ಎರಡು ತಿಂಗಳು ಕಳೆದಿದ್ದ.

ಹಾಗಂತ ಅವನೇನು ಕೆಲಸ ಬಾರದವನೇ? ಹದಿನಾಲ್ಕರಿಂದ ಕಂಚು, ತಾಮ್ರ ಬಡಿದ ಕೈ ಅದು. ತಂಬಿಗೆ, ಕೊಳದಪ್ಪಲೆ, ಆಳು ಕೂರುವಷ್ಟು ದೊಡ್ಡ ಹಂಡೆ, ಎಲ್ಲ ಮಾಡಿದ್ದ. ಅರಮನೆಯ ಆಳು ಊರಿಗೆ ಬಂದು, ‘ತಗಡಿನ ಕೆಲಸ ಬಲ್ಲವರೆಲ್ಲ ಪಟ್ಟಣಕ್ಕೆ ಹೊರಡಿ’ ಎಂದಾಗ, ‘ಸ್ವಾಮಿ, ತಾಮ್ರದ ತಗಡೇ ಬೇರೆ, ಕಬ್ಬಿಣದ ತಗಡೇ ಬೇರೆ’ ಎಂದು ಮುದ್ದಾಚಾರಿ ಹೇಳಿಯೂ ನೋಡಿದ. ಕೇಳುವವರು ಯಾರು? ಪಟ್ಟಣಕ್ಕೆ ಪರಂಗಿಯವರ ದಂಡು ಮುತ್ತಿಗೆ ಹಾಕಿ ಹೋಗಿ ಐದು ವರ್ಷವಾಗಿತ್ತು. ಗಂಜಾಂನ ಎಷ್ಟೋ ಮನೆಗಳಿಗೆ ಇನ್ನೂ ಸೂರೇ ಇರಲಿಲ್ಲ, ಆಗಲೇ ಮತ್ತೆ ದಂಡು ಬರುತ್ತದಂತೆ ಎಂಬ ಮಾತು ಎಲ್ಲರ ಬಾಯಲ್ಲೂ. ಅದಕ್ಕೆ ಮದ್ದು ತುಂಬಿ ಹಾರಿಸುವ ಬಾಣಗಳು ಬೇಕು. ಬಾಣಕ್ಕೆ ಕಬ್ಬಿಣದ ತಗಡಿನ ಕೊಳವೆ ಬೇಕು. ಕೊಳವೆಗೆ ಮುದ್ದಾಚಾರಿ ಬೇಕು. ಗ್ರಹಚಾರ ನೋಡಿ!

ಕಲಿಸಲು ಕೂತವನು ಹಿರೋಡೆಯ ಕಮ್ಮಾರ ದಾಸಾಚಾರಿ. ಒಳ್ಳೆಯವನೇ, ಬಾಯಿ ಮಾತ್ರ ಜೋರು.

“ಕತ್ತರಿ ಬಾಯ ಪೂರ್ತಿ ಮುಚ್ಬ್ಯಾಡ ಕಣಣ್ಣ! ಎಷ್ಟು ಕಿತ ಏಳ್ಲಿ? ಮುಚ್ಚುದ್ರೆ ತುದೀಲಿ ಕಚ್ಚು ಬೀಳ್ತದೆ. ನಾಳೆ ಅಲ್ಲಿಂದ್ಲೇ ಸೀಳ್ಕೊಂಡು ಓಗ್ತದೆ. ಇನ್ನೊಂಚೂರು ಐತೆ ಅನ್ನೋವಾಗ್ಲೇ ಬಾಯ್ ತಗುದು ಮುಂದಕ್ ತಳ್ಳು.”

ಮರದ ದಿಮ್ಮಿಗೆ ಒಂದು ಹಿಡಿಯನ್ನು ನಾಟಿದ ದೊಡ್ಡ ಕತ್ತರಿ ಅದು. ಇನ್ನೊಂದು ಹಿಡಿಯ ಮೇಲೆ ಮೈಭಾರ ಹಾಕಿ ಒತ್ತಬೇಕು. ಮುದ್ದಾಚಾರಿ ಒತ್ತಿದ. ಕತ್ತರಿಸಿದ ಅಂಚಿನ ಮುಳ್ಳುಗಳನ್ನು ಅರ ಹಾಕಿ ಉಜ್ಜಿದ. ಅಲ್ಲೂ ತಪ್ಪು.

“ಅರಾನ ಮುಂದಕ್ ತಳ್ಳುವಾಗ ಒತ್ತು, ಇಂದಕ್ ಬರುವಾಗ ಎತ್ಕೊ. ಸುಮ್ಕೆ ಇಂದೆ ಮುಂದೆ ಎಳುದ್ರೆ ಅರದ ಅಲ್ಲು ಸಾಯ್ತವೆ. ಮುದ್ದೆ ತೊಳಸ್ತಿದ್ದೀಯ ನೀನು?”

“ಆಯ್ತು ಮಾರಾಯ, ಬೈಬ್ಯಾಡ,” ಎಂದ ಮುದ್ದಾಚಾರಿ. ಅಂಗೈಯ ಹಳೆಯ ಜಡ್ಡುಗಳೆಲ್ಲ ಬೇರೆ ಜಾಗದಲ್ಲಿದ್ದವು. ಈ ಕತ್ತರಿ, ಈ ಅರ ಎಳೆ ಚರ್ಮವನ್ನೇ ಹುಡುಕಿಕೊಂಡು ಬಂದು ಬೊಬ್ಬೆ ಎಬ್ಬಿಸುತ್ತಿದ್ದವು.

ಕತ್ತರಿ, ಅರ ಹೇಗೋ ಕೈಗೆ ಹತ್ತಿದವು. ತಗಡನ್ನು ಕಬ್ಬಿಣದ ಸರಳಿನ ಮೇಲೆ ಹೊರಳಿಸಿ, ಅಂಚಿಗೆ ಅಂಚು ಸಿಕ್ಕಿಸಿ, ಮಡಿಕೆ ಬಡಿಯುವುದೂ ಬಂತು. ಬಾರದ್ದು ಒಂದೇ. ತಾಮ್ರ ಬಡಿದು ಬಡಿದು ಬಿರುಸಾದರೆ ಕಂಚುಗಾರ ಏನು ಮಾಡುತ್ತಾನೆ? ಬೆಂಕಿಗಿಟ್ಟು ಕೆಂಪಗೆ ಕಾಯಿಸಿ ಚುಂಯ್ ಎಂದು ನೀರಿಗೆ ಅದ್ದುತ್ತಾನೆ. ತಾಮ್ರ ಮತ್ತೆ ಮೆತ್ತಗಾಗುತ್ತದೆ. ಮೂವತ್ತೆರಡು ವರ್ಷ ಹಾಗೆಯೇ ಮಾಡಿದ ಕೈ. ಮಡಿಕೆ ಕಾಯಿಸಿದ ಕೂಡಲೇ, ತಲೆ ಬೇಡ ಬೇಡ ಅನ್ನುತ್ತಿದ್ದರೂ, ಕೈ ತಾನಾಗಿ ಇಕ್ಕಳವನ್ನು ನೀರಿನ ಬಾನಿಯ ಕಡೆಗೆ ಒಯ್ಯುತ್ತಿತ್ತು. ಕಬ್ಬಿಣ ಅದಕ್ಕೆ ಉಲ್ಟಾ, ಕಾಯಿಸಿದ ಮೇಲೆ ತಾನಾಗಿ ಆರಲು ಬಿಡಬೇಕು. ಅದರಲ್ಲೂ ಆ ತಗಡಿನಲ್ಲಿ ಅಲ್ಲಲ್ಲಿ ಉಕ್ಕಿನ ಗುಣ. ನೀರು ಕಂಡರೆ ಗಾಜಿನ ಹಾಗೆ ಪೆಡಸಾಗುವುದು. ಆಮೇಲೆ ಒಂದು ಪೆಟ್ಟು ಬಿದ್ದರೆ ಚಟ್ ಎಂದು ಸೀಳು.

“ತಗೊ, ಮತ್ ಅದ್ದುಬುಟ್ಟ!” ಎಂದು ದಾಸಾಚಾರಿ ಹಣೆ ಚಚ್ಚಿಕೊಳ್ಳುತ್ತಿದ್ದ. ಎರಡು ತಿಂಗಳಲ್ಲಿ ಮುದ್ದಾಚಾರಿ ಹನ್ನೊಂದು ಕೊಳವೆ ಒಡೆದಿದ್ದ.

ಇಷ್ಟರಲ್ಲಿ ಒಂದು ಮಧ್ಯಾಹ್ನ ಬಳೆಗಾರ ನಂಜಪ್ಪ ಕಾರಖಾನೆಯ ಬಾಗಿಲಿಗೆ ಬಂದು ನಿಂತ. ನಾಗಮಂಗಲದ ಬೀದಿಗಳಲ್ಲಿ ಬಳೆ ತೊಡಿಸಿ ಪಟ್ಟಣಕ್ಕೆ ಬಂದವನು, ಪರಿಚಯದವನು. ಬಳೆಯ ಮಲಾರ ಇಳಿಸಿ, ನೀರು ಕುಡಿದ.

“ಆಚಾರ್ರೇ, ಏಳ್ಬೇಕೋ ಬ್ಯಾಡ್ವೋ ಗೊತ್ತಾಗ್ತಿಲ್ಲ. ನಿಮ್ಮನೇವ್ರಿಗೆ ಕಣ್ಣಿಗೆ ಪೊರೆ ಬಂದೈತೆ. ನನ್ನ ದನೀಲಿ ಗುರುತಿಡುದ್ರೇ ಒರ್ತು ಮಕ ಕಾಣ್ನಿಲ್ಲ. ಒಲೆ ಮುಂದೆ ಸೆರಗು ಅತ್ಕಂಡು ತೋಳು ಸುಟ್ಕಂಡವ್ರೆ. ಬಳೆ ತೊಡ್ಸಕ್ ಓದ್ರೆ ಆ ಕೈ ಮುಟ್ಟಕ್ ಬುಡ್ನಿಲ್ಲ.”

ಮುದ್ದಾಚಾರಿ ಹತ್ತಿರ ಸರಿದ. “ಅಕ್ಕಿಹೆಬ್ಬಾಳಿಂದ ಮಗಳು ಬಂದಿದ್ಲಾ?”

“ಬಾಣಂತಿ ಎಂಗ್ ಬಂದಾಳು? ಪಕ್ಕದ ಮನೆ ಯಶೋದಮ್ಮ ಒಂದೊತ್ತು ಮುದ್ದೆ ಕೊಡ್ತಾವ್ರೆ. ‘ಅವ್ರಿಗೆ ಏಳ್ಬ್ಯಾಡ, ಅಲ್ಲಿ ಸಂಕ್ಟ ಪಡ್ತಾರೆ’ ಅಂದ್ರು ನಿಮ್ಮ ಮಂಗಳಮ್ಮ. ನಂಗೆ ಮನಸ್ ತಡೀನಿಲ್ಲ.”

ಅಂದಿನಿಂದ ಮುದ್ದಾಚಾರಿಗೆ ಒಂದೇ ಧ್ಯಾನ, ಮನೆಗೆ ಹೋಗಬೇಕು. ದರೋಗನ ಮುಂದೆ ಕೈಮುಗಿದು ನಿಂತ. ಕಾರಖಾನೆ ನೋಡಿಕೊಳ್ಳುವ ದರೋಗ ಕೆಟ್ಟವನಲ್ಲ, ಆದರೆ ಅವನ ಕುತ್ತಿಗೆಯ ಮೇಲೂ ಯಾರದೋ ಕೈ ಇತ್ತು. “ಎಲ್ಲರ ಮನೆಯಲ್ಲೂ ಕಷ್ಟ ಇದೆ ಆಚಾರಿ. ಬಿಟ್ಟರೆ ನಾಳೆ ಚಪ್ಪರ ಖಾಲಿ,” ಎಂದ. ಹಾಗೆಯೇ ಇನ್ನೊಂದು ಮಾತು ಸೇರಿಸಿದ: “ಅಮಾವಾಸ್ಯೆಗೆ ಹೊಸಬರ ಪರೀಕ್ಷೆ. ಕೊಳವೆ ಸರಿಯಾಗಿ ಮಾಡಿದವರು ಇಲ್ಲೇ. ಆಗದವರು ಅವರವರ ಊರಿಗೆ. ದಂಡಕ್ಕೆ ಅನ್ನ ಹಾಕುವುದಕ್ಕೆ ನನಗೆ ಅಪ್ಪಣೆ ಇಲ್ಲ.”

ದಾಸಾಚಾರಿ ಇದನ್ನು ಕೇಳಿದ್ದೇ ತಡ, ಮುದ್ದಾಚಾರಿಯ ರಟ್ಟೆ ಹಿಡಿದು ಕುಲುಮೆಯ ಹಿಂದಕ್ಕೆ ಎಳೆದೊಯ್ದ.

“ಅಣ್ಣಯ್ಯ, ನಿನ್ನ ಪುಣ್ಯ ಕಣೋ! ಪರೀಕ್ಸೆಗೆ ಕೊಳವೆ ಮಾಡಿ, ಕಡೇ ಮಡಿಕೆ ಕಾಯ್ಸಿ ನೀರಿಗೆ ಅದ್ದುಬುಡು. ಎಲ್ರೂ ಕಣ್ಣಾರೆ ನೋಡವ್ರೆ, ನಿಂಗೆ ಅದೇ ಚಾಳಿ ಅಂತ. ಯಾರ್ಗೂ ಅನ್ಮಾನ ಬರಕ್ಕಿಲ್ಲ. ಅದು ಸೀಳ್ಕೋತದೆ, ಅವ್ರು ನಿನ್ನ ಬೈದು ಓಡಿಸ್ತಾರೆ. ಸಂಜೆಗೆ ಊರ ದಾರಿ ಇಡಿ.”

“ಬೇಕೂಂತ ಕೆಲ್ಸ ಕೆಡಿಸ್ಲೇನೋ?”

“ಎರಡು ತಿಂಗ್ಳಿಂದ ಬ್ಯಾಡ ಬ್ಯಾಡಾಂದ್ರೂ ಕೆಡಿಸ್ನಿಲ್ವಾ? ಇದೊಂದು ದಪ ಬೇಕೂಂತ ಕೆಡ್ಸು.”

ಇಬ್ಬರಿಗೂ ನಗು ಬಂತು. ಪಟ್ಟಣಕ್ಕೆ ಬಂದ ಮೇಲೆ ಮುದ್ದಾಚಾರಿ ನಕ್ಕಿದ್ದು ಅದೇ ಮೊದಲು.

ಅಮಾವಾಸ್ಯೆಯ ಹಿಂದಿನ ದಿನ ಅವನು ಅಳತೆಗೆ ಗೀರು ಹಾಕಿ ತಗಡು ಕತ್ತರಿಸಿದ. ಕತ್ತರಿಯ ಬಾಯಿ ಒಂದು ಸಲವೂ ಪೂರ್ತಿ ಮುಚ್ಚಲಿಲ್ಲ. ಅರ ಮುಂದಕ್ಕೆ ಹೋಗುವಾಗ ಮಾತ್ರ ಕಚ್ಚಿತು. ಮರದ ಕೊಡತಿಯ ಏಟಿಗೆ ತಗಡು ಸರಳಿನ ಸುತ್ತ ಸಲೀಸಾಗಿ ಹೊರಳಿತು. ಹಾಳಾದ ಕೈ, ಬೇಡವಾದ ದಿನವೇ ಎಲ್ಲ ಕಲಿತುಕೊಂಡು ಕೂತಿತ್ತು! ಕಡೆಗೆ ಮಡಿಕೆ ಕಾಯಿಸಿದ. ಕೆಂಪಾಯಿತು. ಇಷ್ಟು ದಿನ ಕೇಳದೆ ನೀರಿಗೆ ಓಡುತ್ತಿದ್ದ ಕೈ ಅಂದು ನಿಂತುಬಿಟ್ಟಿತು. ಅವನು ಮಂಗಳಮ್ಮನ ಸುಟ್ಟ ತೋಳನ್ನು ನೆನೆದು, ಇಕ್ಕಳವನ್ನು ಬಲವಂತವಾಗಿ ಬಾನಿಗೆ ಇಳಿಸಿದ. ಮೇಲಕ್ಕೆತ್ತಿ ಮಡಿಕೆಯ ಮೇಲೆ ಎರಡು ಪೆಟ್ಟು ಹಾಕಿದ. ಸೀಳು ಕಾಣಲಿಲ್ಲ. ಇರಲಿ, ನಾಳೆ ಅವರಿಗೇ ಸಿಗುತ್ತದೆ ಎಂದು ಗೋಡೆಗೆ ಒರಗಿಸಿಟ್ಟು, ಸೊಂಟ ಹಿಡಿದುಕೊಂಡು ಎದ್ದ. ಆ ಸಂಜೆಯೇ ತನ್ನ ಒಂದು ಜೊತೆ ಪಂಚೆಯನ್ನು ಗಂಟು ಕಟ್ಟಿದ.

ಮರುದಿನ ದರೋಗ ಒಂದೊಂದೇ ಕೊಳವೆ ನೋಡುತ್ತ ಬಂದ. ಬಿಸಿಲಿಗೆ ಹಿಡಿದು ಒಳಗೆ ಕಣ್ಣಿಟ್ಟ, ಅಳತೆಯ ಕೋಲು ತೂರಿಸಿದ, ಮಡಿಕೆಯ ಮೇಲೆ ಹೆಬ್ಬೆರಳು ಎಳೆದ. ಮುದ್ದಾಚಾರಿಯ ಕೊಳವೆ ಹಿಡಿದವನು ಎರಡು ಸಲ ತಿರುಗಿಸಿದ. ಮುಖ ಅರಳಿತು.

“ಶಾಬಾಸ್ ಆಚಾರಿ! ಹನ್ನೊಂದು ಒಡೆದವನ ಕೆಲಸವೇ ಇದು? ಇಟ್ಟುಕೊಳ್ಳಿ.”

ಆಳು ಅದನ್ನು ಒಯ್ದು ಒಳ್ಳೆಯ ಕೊಳವೆಗಳ ರಾಶಿಯ ಮೇಲೆ ಹಾಕಿದ. ಅದು ಬಿದ್ದಾಗ ಟಣ್ ಎಂದಿತು. ಚಪ್ಪರದಲ್ಲಿದ್ದ ಎಲ್ಲರ ಕಿವಿಗೂ ಬರೀ ಟಣ್. ಹಂಡೆ ಮಾಡಿ ಮುಗಿಸಿದ ಮೇಲೆ ಬೆರಳಲ್ಲಿ ತಟ್ಟಿ, ಕಣ್ಣು ಮುಚ್ಚಿ ಕೇಳಿ, ಆಮೇಲಷ್ಟೇ ಕೊಳ್ಳುವವನ ಕೈಗೆ ಕೊಡುವ ಕಂಚುಗಾರನಿಗೆ ಮಾತ್ರ ಆ ಸದ್ದಿನ ಬಾಲದಲ್ಲಿ ಗೊರಗೊರ ಕೇಳಿಸಿತು. ಮಡಿಕೆಯ ಒಳಗಡೆ, ಬೆಳಕೂ ತೂರದ ಕಡೆ, ಕೂದಲೆಳೆಯಷ್ಟು ಬಿರುಕು.

ಥೂ, ಇದೆಂಥ ಕರ್ಮ! ಮನೆಯೂ ಹೋಯಿತು, ಕೆಲಸವೂ ಕೆಟ್ಟಿತು. ದಾಸಾಚಾರಿ ಕಣ್ಣಲ್ಲೇ ಸುಮ್ಮನಿರು ಎಂದು ಸನ್ನೆ ಮಾಡುತ್ತಿದ್ದ. ಇನ್ನೊಂದು ಪರೀಕ್ಷೆ ಬಂದೇ ಬರುತ್ತದೆ, ಆಗ ನೋಡಿಕೊಳ್ಳೋಣ ಎಂದು ಅವನ ಲೆಕ್ಕ. ಮುದ್ದಾಚಾರಿ ಕೂರಲು ಹೋದ, ಕೂರಲಾಗಲಿಲ್ಲ.

“ಬುದ್ಧೀ, ಅದ್ನ ತೆಗ್ಸಿ. ಅದು ಬಿರುಕು.”

“ಎಲ್ಲಿದೆ ಬಿರುಕು? ನಾನು ನೋಡಿದೆನಲ್ಲ.”

ಮುದ್ದಾಚಾರಿ ರಾಶಿಯಿಂದ ಕೊಳವೆ ತೆಗೆದು ಕುಲುಮೆಯ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಕೊಟ್ಟ. ಕೊಳವೆ ಉದ್ದಕ್ಕೂ ಸೀಳಿ ಬಾಯಿ ಬಿಟ್ಟಿತು.

“ಬಾಯ್ ಮುಚ್ಕಂಡಿರಕ್ ಆಗ್ನಿಲ್ವೇನಣ್ಣ ನಿಂಗೆ?” ಎಂದು ದಾಸಾಚಾರಿ ಅಳುವ ಹಾಗೆ ಗದರಿದ.

“ಯಾವನೋ ಅದುಕ್ ಮದ್ದು ತುಂಬಿ ಕಿಚ್ಚಿಡ್ತಾನೆ ಕಣೋ. ಅವ್ನ್ಗೂ ಮನೇಲಿ ಯಾರೋ ಇರ್ತಾರೆ,” ಎಂದ ಮುದ್ದಾಚಾರಿ. ಆಮೇಲೆ ದರೋಗನ ಕಡೆ ತಿರುಗಿ, “ನಂಗೆ ಈ ಕೆಲ್ಸ ಬರಕ್ಕಿಲ್ಲ ಬುದ್ಧೀ. ಊರಿಗೆ ಕಳಿಸ್ಬುಡಿ,” ಎಂದು ಕೈಮುಗಿದ.

ದರೋಗ ಸೀಳಿದ ಕೊಳವೆಯನ್ನೇ ನೋಡುತ್ತಿದ್ದ. ಬೆರಳಾಡಿಸಿದ. “ಕಣ್ಣಿಗೆ ಕಾಣದ್ದು ನಿನಗೆ ಹೇಗೆ ಗೊತ್ತಾಯಿತು?”

“ಸದ್ದು ಕೇಳುಸ್ತು.”

“ಸದ್ದು!” ದರೋಗ ತಲೆ ಅಲ್ಲಾಡಿಸಿದ. “ಕೊಳವೆ ಮಾಡುವವರು ನೂರು ಜನ ಸಿಗುತ್ತಾರೆ ನನಗೆ. ಇದನ್ನು ಕೇಳುವವನು ಇಷ್ಟು ವರ್ಷ ಒಬ್ಬನೂ ಸಿಕ್ಕಿರಲಿಲ್ಲ. ನೀನು ಇನ್ನು ಸುತ್ತಿಗೆ ಹಿಡಿಯಬೇಡ ಆಚಾರಿ. ಇಲ್ಲಿಂದ ಹೋಗುವ ಪ್ರತಿಯೊಂದು ಕೊಳವೆಯನ್ನೂ ನೀನೇ ತಟ್ಟಿ ಕೇಳಬೇಕು.”

“ಬುದ್ಧೀ, ನನ್ ಎಂಡ್ತಿಗೆ ಕಣ್ ಕಾಣಾಕಿಲ್ಲ...”

“ಆಗಲಿ, ಆಗಲಿ, ಸ್ವಲ್ಪ ಕೆಲಸ ತಗ್ಗಲಿ, ನೋಡೋಣ,” ಎಂದು ದರೋಗ ನಡೆದೇಬಿಟ್ಟ.

ಆಳುಗಳು ಗೋದಾಮಿನಿಂದ ಹಳೆಯ ಕೊಳವೆಗಳನ್ನೂ ಹೊತ್ತು ತಂದು ಅವನ ಮುಂದೆ ಸುರಿದರು. ಮುದ್ದಾಚಾರಿ ಗೋಡೆಗೆ ಬೆನ್ನು ಕೊಟ್ಟು ಕೂತ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಎಲ್ಲವೂ ಗಟ್ಟಿಯಿದ್ದರೆ ನನ್ನಿಂದ ಇವರಿಗೇನು ಉಪಯೋಗ, ನಾಲ್ಕು ದಿನ ನೋಡಿ ಬಿಟ್ಟುಬಿಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಒಂದು ಕೊಳವೆ ಎತ್ತಿ ತಟ್ಟಿದ. ಗಟ್ಟಿ. ಇನ್ನೊಂದನ್ನು ತಟ್ಟಿದ. ಗಟ್ಟಿ. ಮೂರನೆಯದು ಗೊರಗೊರ ಎಂದಿತು. ಅದರ ಮುಂದಿನದೂ ಹಾಗೆಯೇ ಎಂದಿತು.