ಮೊದಲ ಮನೆಯ ಸೊನ್ನೆ ಕಾಯುವ ಬೀಗದಕ್ಕ

ಬೆಳಗಿನ ಐದೂಕಾಲು. ಅಡುಗೆಮನೆಯ ಮೂಲೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದ ಮಡಚು ಮೇಜಿನ ಮುಂದೆ ಕೂತಿರುವ ಹೆಂಗಸಿನ ಚಹಾ ಆರಿ ಕೆನೆ ಕಟ್ಟಿದೆ. ಲ್ಯಾಪ್‌ಟಾಪ್‌ನಲ್ಲಿ ಡಯಾಲಿಸಿಸ್ ಕೇಂದ್ರವೊಂದರ ತಂತ್ರಜ್ಞೆಯ ಪತ್ರ: "ನಾಲ್ಕನೇ ಹಾಸಿಗೆಯ ಯಂತ್ರ ರೋಗಿಯ ದಾಖಲೆ ತೆರೀತಿಲ್ಲ. ಮೈಯಿಂದ ಎಷ್ಟು ನೀರು ತೆಗೀಬೇಕು ಅನ್ನೋದು ಅದರಲ್ಲೇ ಇದೆ. ಏಳಕ್ಕೆ ಅವರು ಬಂದುಬಿಡ್ತಾರೆ."

"ತಪ್ಪು ನಂದೇ," ಎನ್ನುತ್ತಾರೆ ಆಕೆ, ನನ್ನ ಕಡೆ ತಿರುಗದೆ. ಸಂದರ್ಶನಕ್ಕೆಂದು ಬಂದ ನನಗೆ ಪೆನ್ನು ತೆಗೆಯಲೂ ಸಂಕೋಚ.

ಜೊತೆಗಾರರು ಇವರನ್ನು ಕರೆಯುವುದು ಬೀಗದಕ್ಕ ಎಂದು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ ಪ್ರೋಗ್ರಾಂ ಲೈಬ್ರರಿಯೊಂದರಲ್ಲಿ, ಎಂದರೆ ಸಿದ್ಧ ಕೋಡಿನ ಸಂಗ್ರಹವೊಂದರಲ್ಲಿ, ಗುಟ್ಟಿನ ದಾಖಲೆಗಳಿಗೆ ಹಾಕುವ ಡಿಜಿಟಲ್ ಬೀಗದ ಕೀಲಿಗಳನ್ನು ಹೇಗೆ ಬರೆದಿಡಬೇಕು ಎಂಬ ಭಾಗ ಇವರದು. ಆ ಡಯಾಲಿಸಿಸ್ ಯಂತ್ರಗಳೂ ಇದನ್ನೇ ಬಳಸುತ್ತವೆ. ಹನ್ನೊಂದು ವರ್ಷದಿಂದ, ದಿನಾ ಆಫೀಸಿಗೆ ಹೊರಡುವ ಮುಂಚೆ ಮೂರು ಗಂಟೆ, ಸುಮಾರು ನಲವತ್ತು ಪತ್ರ. ಬಹುತೇಕ ಎಲ್ಲವೂ ದೂರು. ಸರಿಯಾಗಿ ನಡೆದಾಗ ಇತ್ತ ತಲೆ ಹಾಕುವವರಿಲ್ಲ.

"ಕಂಡವರ ಮನೆ ಬೀಗ ಕಾಯ್ತಾಳೆ, ನಮ್ಮನೆ ಬೀಗದ ಕೈ ಎಲ್ಲಿಟ್ಟಳೋ ದಿನಾ ಹುಡುಕ್ಬೇಕು," ಎಂದು ಇವರ ಮಾವ ನನ್ನ ಕಿವಿಯಲ್ಲಿ ಹೇಳುತ್ತಾರೆ. ನಿವೃತ್ತ ಬಸ್ ಕಂಡಕ್ಟರ್. ಸೊಸೆಯ ಮುಖ ನೋಡಿ ಮುಂದಿನ ತಮಾಷೆಯನ್ನು ನುಂಗಿಕೊಂಡು, ಆರಿದ ಲೋಟ ಒಯ್ದು ಬಿಸಿ ಚಹಾ ತಂದಿಡುತ್ತಾರೆ.

ಆದದ್ದಿಷ್ಟು. ಕೀಲಿಯೆಂದರೆ ಮೂವತ್ತೆರಡು ಮನೆಗಳಲ್ಲಿ ತುಂಬಿಟ್ಟ ಒಂದು ದೊಡ್ಡ ಸಂಖ್ಯೆ; ಒಂದೊಂದು ಮನೆಯಲ್ಲೂ ಸೊನ್ನೆಯಿಂದ ಇನ್ನೂರೈವತ್ತೈದರೊಳಗಿನ ಒಂದು ಅಂಕಿ. ಕೆಲಸ ಚುರುಕಾಗಲೆಂದು ಹೋದ ವಾರ ಇವರು ಅದನ್ನು ಬರೀ ಸಂಖ್ಯೆಯಾಗಿ ಇಡತೊಡಗಿದರು. ಸಂಖ್ಯೆಯ ಮುಂದಿನ ಸೊನ್ನೆಯನ್ನು ಕಂಪ್ಯೂಟರ್ ಲೆಕ್ಕಕ್ಕಿಡುವುದಿಲ್ಲ. ಮೊದಲ ಮನೆ ಸೊನ್ನೆಯಾದರೆ ಕೀಲಿಗೆ ಉಳಿಯುವುದು ಮೂವತ್ತೊಂದೇ ಮನೆ. ಇಂಥ ಗಿಡ್ಡ ಕೀಲಿಯನ್ನು ಯಂತ್ರ ಒಪ್ಪುವುದಿಲ್ಲ. ಇನ್ನೂರೈವತ್ತಾರು ಕೀಲಿಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ನಿನ್ನೆ ಕೀಲಿ ಬದಲಿಸಿದಾಗ ಆ ಒಂದು ನಾಲ್ಕನೇ ಹಾಸಿಗೆಯ ಪಾಲಿಗೆ ಬಂತು.

ಐದು ಐವತ್ತಕ್ಕೆ ತಿದ್ದುಪಡಿ ಸಿದ್ಧ. ಗಿಡ್ಡ ಕೀಲಿ ಸಿಕ್ಕರೆ ಸೊನ್ನೆ ತುಂಬಿ, ಹಳೆಯದರ ಮೇಲೇ ಬರೆದಿಡುವಂಥದ್ದು. ಪರೀಕ್ಷೆಗಳೆಲ್ಲ ಪಾಸು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೆ ಇವರು ಒತ್ತುವುದಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಹೊರಗೆ ಬಿಡಬಾರದು ಎಂಬುದು ಇವರೇ ಮಾಡಿದ ನಿಯಮ.

ಆ ಇನ್ನೊಬ್ಬರು ನಿವೃತ್ತ ಗಣಿತ ಮೇಷ್ಟ್ರು. ಫೋನ್ ಎತ್ತುತ್ತಿಲ್ಲ. ಆರಾಯಿತು, ಆರೂ ಹತ್ತಾಯಿತು. ನನಗೇ ತಡೆಯಲಾಗದೆ, "ಇವತ್ತೊಂದು ದಿನ ಒತ್ತಿಬಿಡಬಾರದಾ?" ಎಂದೆ.

"ಅವಸರ ಇರೋ ದಿನಾನೇ ಒತ್ಬಾರದು," ಎಂದು ಮತ್ತೆ ನಂಬರ್ ಒತ್ತಿದರು.

ಆರೂಕಾಲಿಗೆ ಮೇಷ್ಟ್ರು ಸಿಕ್ಕರು. ವಾಕಿಂಗ್ ಹೋಗಿದ್ದರಂತೆ. ಕೂತು ಹತ್ತು ನಿಮಿಷ ಓದಿದರು.

"ಸೊನ್ನೆ ಎಲ್ಲಿ ತುಂಬಿದೀಯಮ್ಮ?" ಸ್ಪೀಕರಿನಲ್ಲಿ ಮೇಷ್ಟ್ರ ದನಿ. "ಮುಂದೆ ಹಾಕ್ಬೇಕಾದ್ದನ್ನ ಹಿಂದೆ ಹಾಕಿದೀಯಲ್ಲ!"

ಬೀಗದಕ್ಕ ಪರೀಕ್ಷೆಯನ್ನು ಮತ್ತೆ ತೆರೆದು ನೋಡಿದರು. ಅವಸರದಲ್ಲಿ ಬರೆದ ಪರೀಕ್ಷೆ ಎಣಿಸಿದ್ದು ಮನೆಗಳನ್ನಷ್ಟೆ. ಮೂವತ್ತೆರಡು ಇದ್ದವು, ಆದರೆ ಕೀಲಿಯೇ ಬೇರೆಯಾಗಿತ್ತು. ಹೊರಗೆ ಬಿಟ್ಟಿದ್ದರೆ ಸರಿಯಾದ ಕೀಲಿಯನ್ನು ಅಳಿಸಿ ಅದೇ ಕೂರುತ್ತಿತ್ತು. ಆ ದಾಖಲೆ ಇನ್ನೆಂದೂ ತೆರೆಯುತ್ತಿರಲಿಲ್ಲ. ಒತ್ತಿಬಿಡಿ ಎಂದಿದ್ದ ನನಗೆ ನಾಚಿಕೆಯಾಯಿತು.

ತಿದ್ದಿ, ಮೇಷ್ಟ್ರು ಮತ್ತೆ ನೋಡಿ, ಹೂಂ ಎಂದಾಗ ಆರು ನಲವತ್ತು. ಆರು ಐವತ್ತೆರಡಕ್ಕೆ ತಂತ್ರಜ್ಞೆಯಿಂದ ಒಂದೇ ಪದ: "ತೆರೀತು."

ಬೀಗದಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಪೇಪರಿನಲ್ಲಿ ಹೆಸರು ಹಾಕಲೇ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ.

"ಬರೆಯೋದಾದ್ರೆ ಇಷ್ಟು ಬರೀರಿ. ಮೇಷ್ಟ್ರಿಗೆ ಈಗ ಎಪ್ಪತ್ತೊಂದು. ಅವರು ಫೋನ್ ಎತ್ತದ ದಿನ ನನ್ನ ತಪ್ಪು ಹಿಡಿಯೋಕೆ ಇನ್ನೊಬ್ರು ಬೇಕಾಗಿದಾರೆ."