ಫಿರಂಗಿ ತಾಲೀಮು

ಗಂಟೆಯ ಸದ್ದಿಗೆ ಹೆದರಿ ಕಾಲೇಜೇ ಬೇಡ ಎನ್ನುವವರು ಲೋಕದಲ್ಲಿ ಇನ್ನೆಷ್ಟು ಜನರಿದ್ದಾರೋ, ನಾನಂತೂ ಒಬ್ಬಳಿದ್ದೆ. ಸಸ್ಯಶಾಸ್ತ್ರಕ್ಕೆ ಸೀಟು ಸಿಕ್ಕಿ, ಅಪ್ಪನ ಜೊತೆ ಫೀಸು ಕಟ್ಟಲು ಹೋದ ದಿನ, ಜವಾನ ವರಾಂಡದಲ್ಲಿ ನೇತುಹಾಕಿದ್ದ ಕಬ್ಬಿಣದ ತುಂಡಿಗೆ ಸುತ್ತಿಗೆಯಿಂದ ಬಡಿದ. ನಾನು ಕಿವಿ ಮುಚ್ಚಿಕೊಂಡು ಮೆಟ್ಟಿಲ ಮೇಲೆಯೇ ಕುಸಿದೆ. ಸುತ್ತ ನಿಂತವರ ಚಪ್ಪಲಿಗಳಷ್ಟೇ ಈಗ ನೆನಪಿವೆ.

ಅಶೋಕಪುರಂನ ನಮ್ಮ ಮನೆಗೆ ಆಟಿಸಂ ಎಂಬ ಪದ ಬಂದದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ಅಮ್ಮ ಶಾಲೆಯವರನ್ನೂ ಆಮೇಲೆ ಪಿಯುಸಿಯವರನ್ನೂ ಕಾಡಿ ಬೇಡಿ, ಗಂಟೆ ಹೊಡೆಯುವ ಮುಂಚೆ ನನ್ನನ್ನು ಹೊರಗೆ ಬಿಡುವ ಏರ್ಪಾಡು ಮಾಡಿಸಿದ್ದಳು. ಕಾಲೇಜಿನಲ್ಲಿ ಅದು ನಡೆಯುವಂತಿರಲಿಲ್ಲ. ಅಪ್ಪ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವನ ಪ್ರಕಾರ ರಿಪೇರಿಯಾಗದ ವಸ್ತುವೇ ಇಲ್ಲ, ಮಗಳೂ ಸೇರಿ.

"ದಸರಾ ಆನೆಗೋಳ್ಗೆ ಫಿರಂಗಿ ಹೊಡ್ದು ಹೊಡ್ದು ಭಯ ಬಿಡ್ಸಲ್ವಾ? ಇವ್ಳಿಗೂ ಅಂಗೇ ಬಿಡ್ಸಿದ್ರಾಯ್ತು," ಎಂದ.

"ಅವು ಆನೆ ಕಣ್ರೀ. ಇದು ಮಗು," ಎಂದಳು ಅಮ್ಮ.

"ಆಗ್ದಿದ್ರೆ ಮನೇಲೇ ಕೂತ್ಕೊಂಡು ಓದ್ಲಿ ಬುಡು."

ಮನೆಯಲ್ಲಿ ಕೂತು ಓದುವ ಪದವಿಗೆ ಮೈಕ್ರೋಸ್ಕೋಪ್ ಎಲ್ಲಿಂದ ಬರಬೇಕು? ಎಲೆಯ ತೆಳುಪದರವನ್ನು ಅದರಡಿ ಇಟ್ಟು ಒಂದೇ ಕಣ್ಣಲ್ಲಿ ನೋಡುತ್ತ ಕೂತರೆ ನನಗೆ ಲೋಕದಲ್ಲಿ ಬೇರೇನೂ ಬೇಡ. ಅದಕ್ಕೇ ತಾಲೀಮಿಗೆ ಒಪ್ಪಿದೆ.

ಆವತ್ತಿನಿಂದ ಅಪ್ಪ ಸ್ಟೀಲ್ ತಟ್ಟೆ, ಸ್ಪ್ಯಾನರ್ ಹಿಡಿದು ಮನೆಯೊಳಗೆ ಬೇಟೆಗಾರನ ಹಾಗೆ ಓಡಾಡತೊಡಗಿದ. ಉಣ್ಣುವಾಗ ಢಣ್. ಬಚ್ಚಲ ಬಾಗಿಲಾಚೆ ಢಣ್. ಗಂಟೆಯ ಭಯ ಹೋಗುವುದಿರಲಿ, ಅಪ್ಪನ ಹೆಜ್ಜೆಯ ಭಯವೂ ಅದರ ಜೊತೆ ಸೇರಿಕೊಂಡಿತು. ಅವನು ಕೆಲಸ ಮುಗಿಸಿ ಬರುವ ಹೊತ್ತಾದರೆ ನಾನು ಮಂಚದ ಕೆಳಗೆ ಸೇರುತ್ತಿದ್ದೆ. ಹದಿನೆಂಟು ವರ್ಷದ ಹುಡುಗಿ!

ಇಷ್ಟು ಸಾಲದೆಂಬಂತೆ, ಕಾಲೇಜು ಶುರುವಾಗುವ ಹಿಂದಿನ ವಾರ ನಿಜವಾದ ಫಿರಂಗಿ ತಾಲೀಮಿಗೇ ಕರೆದುಕೊಂಡು ಹೋದ. ಬೇಲಿಯಾಚೆ ಆನೆಗಳು ಸಾಲಾಗಿ ನಿಂತಿದ್ದವು. ಮೊದಲ ಗುಂಡು ಹಾರಿದಾಗ ಒಂದು ಆನೆ ಹಿಂದಕ್ಕೆ ತಿರುಗಿತು. ನಾನು ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡೆ. ಅಪ್ಪ ನೋಡಿದ. ಹೆಗಲ ಮೇಲಿದ್ದ ಟವೆಲ್ ತೆಗೆದು ನನ್ನ ಸೊಂಟಕ್ಕೆ ಸುತ್ತಿದ. ನಾಚಿಕೆಯಿಂದ ತಲೆ ಎತ್ತದೆ ಬೇಲಿಯ ಸಂದಿನಲ್ಲೇ ನೋಡುತ್ತಿದ್ದಾಗ ಕಂಡಿತು: ಪ್ರತಿ ಗುಂಡಿಗೂ ಮುಂಚೆ ಪೊಲೀಸಿನವನೊಬ್ಬ ಕೈ ಎತ್ತುತ್ತಿದ್ದ. ಆ ಕೈಯನ್ನೇ ನೋಡುತ್ತ ಮುಂದಿನ ಗುಂಡುಗಳನ್ನು ಹೇಗೋ ತಡೆದುಕೊಂಡೆ.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಹೇಳಿದೆ: "ಅವ್ರು ಕೈ ಎತ್ತಿ ಹೊಡೀತಾರೆ. ನೀನು ಹೇಳ್ದೆ ಹೊಡೀತೀಯ."

ಆ ಸಂಜೆಯೇ ಸ್ಪ್ಯಾನರ್ ಟೂಲ್ ಡಬ್ಬಿಗೆ ಮರಳಿತು.

ಕಾಲೇಜಿನ ಮೊದಲ ದಿನ ಅವನು ರಜೆ ಹಾಕಿ, ಪ್ರಿನ್ಸಿಪಾಲರ ಅಪ್ಪಣೆ ಪಡೆದು, ನನ್ನ ಕ್ಲಾಸಿನ ಕಿಟಕಿಯ ಎದುರಿನ ಹೊಂಗೆ ಮರದಡಿ ನಿಂತ. ಅಲ್ಲಿಂದ ಜವಾನನ ಸುತ್ತಿಗೆ ಅವನಿಗೆ ಕಾಣುತ್ತಿತ್ತು, ಅವನು ನನಗೆ ಕಾಣುತ್ತಿದ್ದ. ಸುತ್ತಿಗೆ ಎದ್ದಾಗಲೆಲ್ಲ ಅಪ್ಪನ ಕೈ ಮೇಲೇಳುತ್ತಿತ್ತು. ಪಕ್ಕದ ಹುಡುಗಿಯರು ಕಿಸಕ್ಕೆಂದರು. ನಾನು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಆ ದಿನ ದಾಟಿದೆ.

"ನಾಳೆಯಿಂದ ಬೆಳಗ್ಗೆ ಶಿಫ್ಟು ಕಣಮ್ಮ. ಏನ್ ಮಾಡ್ತೀಯ?" ಎಂದು ಸಂಜೆ ಕೇಳಿದ.

ಮರುದಿನ ಮರದಡಿ ಯಾರೂ ಇರಲಿಲ್ಲ. ಗಡಿಯಾರದ ಪ್ರಕಾರ ಪೀರಿಯಡ್ ಮುಗಿಯುವ ಹೊತ್ತು. ಬೇರೇನೂ ತೋಚದೆ ನಾನೇ ಕೈ ಎತ್ತಿದೆ.

ಪಾಠ ನಿಲ್ಲಿಸಿ ಮೇಡಂ ಕೇಳಿದರು, "ಏನಮ್ಮ, ಡೌಟಾ?"

ಇಡೀ ಕ್ಲಾಸು ತಿರುಗಿ ನೋಡಿತು. ಗಂಟೆ ಹೊಡೆಯಲಿಲ್ಲ. ಜವಾನ ಎಲ್ಲಿ ಟೀ ಕುಡಿಯುತ್ತಿದ್ದನೋ. ಎತ್ತಿದ ಕೈ ಇಳಿಸಲು ನನಗೆ ಧೈರ್ಯವಾಗಲಿಲ್ಲ.

"ಬೆಲ್ ಹೊಡೀತಾರೆ, ಮೇಡಂ," ಎಂದೆ. "ನಂಗೆ ಭಯ."

ಯಾರೂ ನಗಲಿಲ್ಲ. ಮೇಡಂ ಪುಸ್ತಕ ಮುಚ್ಚಿ, ಬಾಗಿಲಿಗೆ ಹೋಗಿ, ವರಾಂಡದ ಕಡೆ ಇಣುಕಿ ನೋಡಿದರು. ಜವಾನ ಬಂದು ಸುತ್ತಿಗೆ ಹಿಡಿಯುವವರೆಗೂ ಅಲ್ಲೇ ನಿಂತಿದ್ದು, ನನ್ನ ಕಡೆ ತಿರುಗಿ, ಕೈ ಎತ್ತಿದರು.